ಕಾಗದಕ್ಕೆ ಅನ್‌ಡೂ ಇಲ್ಲ

ಸಿಇಟಿ ಬರೆದವರಿಗೆಲ್ಲ ಇದು ನೆನಪಿರುತ್ತೆ. ಕೆಇಎ ಮೊದಲು ಅಣಕು ಸೀಟು ಹಂಚಿಕೆ ಬಿಡುತ್ತೆ. ಅದು ಬರೀ ಅಂದಾಜು, ಆಪ್ಷನ್ ಬದಲಿಸಿಕೊಳ್ಳೋಕೆ ಒಂದು ಅವಕಾಶ. ಆದರೆ ಅದರ ಪ್ರಿಂಟ್ ಮನೆಗೆ ಬಂದ ದಿನವೇ ಅಜ್ಜಿ ನೆಂಟರಿಗೆಲ್ಲ ಫೋನ್ ಮಾಡಿ "ನಮ್ಮ ಮಗೂಗೆ ಸೀಟ್ ಸಿಕ್ತು" ಅಂದುಬಿಡ್ತಾರೆ. ತಪ್ಪು ಅಜ್ಜಿಯದಲ್ಲ. ನಮ್ಮಲ್ಲಿ ಪ್ರಿಂಟ್ ಆಗಿದೆ ಅಂದ್ರೆ ಅದು ಖಾಯಂ ಅಂತಲೇ ಅರ್ಥ.

ಇದರ ಬಿಸಿ ನನಗೆ ತಟ್ಟಿದ್ದು ಜನವರಿ ರಜೆಯಲ್ಲಿ. ಸಕಲೇಶಪುರ, ಆಲೂರು ಕಡೆ ಆಗ ರೊಬಸ್ಟಾ ಕುಯ್ಲು. ಸಂಬಂಧಿಕರ ತೋಟದಲ್ಲಿ "ನಿಂಗೆ ಕಂಪ್ಯೂಟರ್ ಬರುತ್ತಲ್ಲ, ತೂಕದ ಲೆಕ್ಕ ಎಕ್ಸೆಲ್‌ಗೆ ಹಾಕಿಕೊಡು" ಅಂದ್ರು. ಹಾಕಿದೆ. ವಾರದ ಮಧ್ಯೆ ಫಾರ್ಮುಲಾ ಸರಿಯಿದೆಯಾ ನೋಡೋಣ ಅಂತ ಒಂದು ಪ್ರಿಂಟ್ ತೆಗೆದು ಮೇಜಿನ ಮೇಲೆ ಬಿಟ್ಟೆ. ಇನ್ನೂ ಎರಡು ದಿನದ ತೂಕ ಏರಿಸೋದು ಬಾಕಿ ಇತ್ತು. ಬಟವಾಡೆ ದಿನ ರೈಟರ್ ಅದೇ ಹಾಳೆ ಹಿಡ್ಕೊಂಡು ದುಡ್ಡು ಎಣಿಸಿದರು.

ಸಾಲಿನಲ್ಲಿದ್ದ ಒಬ್ಬ ಅಕ್ಕ, "ನಂದು ನಾನೂರು ಕೆಜಿ ಮೇಲಾಗ್ಬೇಕು ಕಣಣ್ಣ" ಅಂದರು. ರೈಟರ್ ಹಾಳೆ ತೋರಿಸಿ, "ಇಲ್ಲಿ 271 ಇದೆ ನೋಡಮ್ಮ, ಕಂಪ್ಯೂಟರ್ ಲೆಕ್ಕ" ಅಂದರು. ಆಕೆ ಸುಮ್ಮನಾದರು. ಸಂಜೆ ಪೂರ್ತಿ ಶೀಟ್ ನೋಡಿದಾಗ ಅವರ ಲೆಕ್ಕ 412 ಇತ್ತು. ಬಾಕಿ ದುಡ್ಡು ಮಾರನೇ ದಿನ ಕೊಟ್ಟದ್ದಾಯ್ತು. ಆದರೆ ಸರಿಯಾಗಿ ಲೆಕ್ಕ ಇಟ್ಟಿದ್ದ ಹೆಂಗಸು ನಾಲ್ಕು ಜನರ ಮುಂದೆ ಸುಳ್ಳಿ ಆಗಿ ನಿಂತದ್ದನ್ನ ವಾಪಸ್ ಮಾಡೋಕಾಗಲಿಲ್ಲ.

ಹಳೇ ಚೆಕ್‌ರೋಲ್ ಪುಸ್ತಕದಲ್ಲಿ ಹೀಗಾಗ್ತಿರಲಿಲ್ಲ. ಪೆನ್ಸಿಲ್ ಗುರುತು, ಖಾಲಿ ಮನೆ, ಹಾಕದ ಮೊತ್ತ ನೋಡಿದರೆ ಕೆಲಸ ಮುಗಿದಿಲ್ಲ ಅಂತ ಯಾರಿಗಾದರೂ ಗೊತ್ತಾಗ್ತಿತ್ತು. ಎಕ್ಸೆಲ್‌ನ ಸಮ್ ಫಾರ್ಮುಲಾಗೆ ಆ ಸಂಕೋಚ ಇಲ್ಲ. ಖಾಲಿ ಸೆಲ್ ಬಿಟ್ಟು ಉಳಿದದ್ದನ್ನ ಕೂಡಿ, ನೀಟಾದ ಒಂದು ಮೊತ್ತ ಕೊಟ್ಟುಬಿಡುತ್ತೆ. ಅರ್ಧ ಲೆಕ್ಕವೂ ಪೂರ್ತಿ ಲೆಕ್ಕದಂತೆಯೇ ಕಾಣುತ್ತೆ.

ಅದಕ್ಕೇ ನನ್ನ ವಾದ: ಮುಗಿಯದ ಶೀಟನ್ನ ಪ್ರಿಂಟ್ ತೆಗೆಯೋದಾದರೆ ಅದರ ಮೇಲೆ ದೊಡ್ಡದಾಗಿ "ಕರಡು" ಅಂತ ವಾಟರ್‌ಮಾರ್ಕ್ ಇರಲೇಬೇಕು. ಅದೂ ಕನ್ನಡದಲ್ಲಿ, ಯಾಕಂದ್ರೆ ಹಾಳೆ ಓದೋರು ನಾವಲ್ಲ.

ಇಲ್ಲೊಂದು ತೊಡಕಿದೆ. ವರ್ಡ್‌ನಲ್ಲಿ ವಾಟರ್‌ಮಾರ್ಕ್ ಬಟನ್ ಇದೆ, ಎಕ್ಸೆಲ್‌ನಲ್ಲಿ ಇಲ್ಲ. ಪೇಜ್ ಲೇಔಟ್‌ನ ಬ್ಯಾಕ್‌ಗ್ರೌಂಡ್ ಹಾಕಿ ಮೋಸ ಹೋಗಬೇಡಿ, ಅದು ಸ್ಕ್ರೀನ್ ಮೇಲೆ ಕಾಣುತ್ತೆ, ಪ್ರಿಂಟ್‌ನಲ್ಲಿ ಬರೋದಿಲ್ಲ. "ಕರಡು" ಅಂತ ಬೂದು ಬಣ್ಣದಲ್ಲಿ ಬರೆದ ಒಂದು ಚಿತ್ರ ಮಾಡಿಕೊಂಡು, ಇನ್ಸರ್ಟ್ ಮೆನುವಿನ ಹೆಡರ್ ಅಂಡ್ ಫೂಟರ್‌ಗೆ ಹೋಗಿ, ಹೆಡರ್‌ನಲ್ಲಿ ಪಿಕ್ಚರ್ ಆಗಿ ಸೇರಿಸಿ. ಚಿತ್ರ ಹಾಳೆಯ ಮಧ್ಯಕ್ಕೆ ಇಳಿಯಬೇಕಾದರೆ ಅದರ ಕೋಡ್‌ನ ಮುಂದೆ ನಾಲ್ಕಾರು ಸಲ ಎಂಟರ್ ಒತ್ತಿ. ಚಿತ್ರ ಸೆಲ್‌ಗಳ ಹಿಂದೆ ಕೂರೋದರಿಂದ, ಬಣ್ಣ ತುಂಬಿದ ಸೆಲ್ ಇದ್ದರೆ ಅದನ್ನ ಮುಚ್ಚಿಬಿಡುತ್ತೆ. ಆ ಬಣ್ಣ ತೆಗೀರಿ. ಲಿಬ್ರೆಆಫೀಸ್‌ನಲ್ಲಿ ಇನ್ನೂ ಸುಲಭ, ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗಲೇ ವಾಟರ್‌ಮಾರ್ಕ್ ಪದ ಕೇಳುತ್ತೆ.

"ಇದನ್ನ ಯಾರು ಬೇಕಾದರೂ ತೆಗೀಬಹುದಲ್ಲ ಮಚ್ಚಾ" ಅಂದ ರೂಮ್‌ಮೇಟ್. ನಿಜ. ನೋಟಿನ ವಾಟರ್‌ಮಾರ್ಕ್ ಬೇರೆ ಜಾತಿ. ಕಾಗದ ಇನ್ನೂ ಹಸಿಯಾಗಿರುವಾಗಲೇ ಅದರ ದಪ್ಪದಲ್ಲಿ ವ್ಯತ್ಯಾಸ ಮಾಡಿ ಮೂಡಿಸಿದ್ದು ಅದು. ಮೈಸೂರಿನಲ್ಲಿ ನೋಟಿನ ಕಾಗದಕ್ಕೇ ಒಂದು ಮಿಲ್ ಇರೋದು ಸುಮ್ಮನೆ ಅಲ್ಲ. ನಮ್ಮದು ಬರೀ ಇಂಕು. ಅದು ಕಳ್ಳನನ್ನ ತಡೆಯೋದಿಲ್ಲ. ಆದರೆ ನಮ್ಮ ರೈಟರ್ ಕಳ್ಳರಲ್ಲವಲ್ಲ! ಒಳ್ಳೆಯ ಮನುಷ್ಯ ತಪ್ಪು ಹಾಳೆ ಹಿಡಿದರು, ಅಷ್ಟೇ. ಅಂಥವರಿಗೆ ಒಂದು ಪದ ಸಾಕಿತ್ತು.

ಇನ್ನೆರಡು ಮಾತು. ತೀರಾ ತಿಳಿಯಾದ ವಾಟರ್‌ಮಾರ್ಕ್ ಜೆರಾಕ್ಸ್‌ನಲ್ಲಿ ಮಾಯವಾಗುತ್ತೆ, ತೀರಾ ಗಾಢವಾದರೆ ಅಂಕಿ ಓದೋಕಾಗಲ್ಲ. ಒಂದು ಜೆರಾಕ್ಸ್ ತೆಗೆದು ನೋಡಿ. ಮತ್ತೆ ಫೂಟರ್‌ನ ಡೇಟ್ ಕೋಡ್ ನಂಬಬೇಡಿ. ಅದು ಪ್ರಿಂಟ್ ತೆಗೆದ ದಿನ ತೋರಿಸುತ್ತೆ, ಲೆಕ್ಕ ಎಲ್ಲಿಯವರೆಗೆ ಏರಿದೆ ಅಂತಲ್ಲ. "ಬುಧವಾರದವರೆಗಿನ ತೂಕ ಮಾತ್ರ" ಅಂತ ಕೈಯಾರೆ ಟೈಪ್ ಮಾಡಿ.

ಈ ರಜೆಗೆ ಊರಿಗೆ ಹೋದಾಗ ನಿಮಗೂ ಯಾರಾದರೂ ಒಂದು ಲಿಸ್ಟ್ ಮಾಡಿಕೊಡು ಅಂತಾರೆ. ಸಂಘದ ಸಾಲವೋ, ಹಬ್ಬದ ಚಂದಾನೋ, ಕೂಲಿ ಲೆಕ್ಕವೋ. ಮಾಡಿಕೊಡಿ. ಸ್ಕ್ರೀನ್ ಮೇಲಿನ ತಪ್ಪಿಗೆ ಕಂಟ್ರೋಲ್ ಝಡ್ ಇದೆ. ಪ್ರಿಂಟರ್‌ನಿಂದ ಹೊರಬಿದ್ದ ಹಾಳೆಗೆ ಅದಿಲ್ಲ. ಪ್ರಿಂಟ್ ಒತ್ತುವ ಮೊದಲು ಆ ಎರಡು ನಿಮಿಷದ ಕೆಲಸ ಮಾಡಿ.