ಮಕ್ಕಳ ಕೈಗೊಂದು ಗೋಡೆ

ಸುಣ್ಣ ಬಳಿಸಿದ ಮರುದಿನವೇ ನಮ್ಮ ಐದು ವರ್ಷದ ಮೊಮ್ಮಗಳು ನಡುಮನೆಯ ಗೋಡೆಯ ಮೇಲೆ ಇದ್ದಲಿನಿಂದ ಆನೆಯೊಂದನ್ನು ಬರೆದಿಟ್ಟಳು. ನಾನು ಗದರಿಸಿದೆನು. “ದರಿಯಾ ದೌಲತ್ತಿನಲ್ಲಿ ಗೋಡೆಯ ತುಂಬ ಬರೆದವರನ್ನು ಯಾರೂ ಬೈಯಲಿಲ್ಲವೇ, ಅಜ್ಜಿ?” ಎಂದಳು. ಪ್ರಶ್ನೆಯು ನ್ಯಾಯವಾದುದೇ. ಹಿಂದಿನ ವಾರ ಶ್ರೀರಂಗಪಟ್ಟಣಕ್ಕೆ ಕರೆದೊಯ್ದು, 1780ರ ಪೊಲ್ಲಿಲೂರು ಯುದ್ಧದ ಆ ಚಿತ್ರವನ್ನು ಹೊಗಳಿ ತೋರಿಸಿದವಳು ನಾನೇ ಅಲ್ಲವೆ!

ಹತ್ತಿರ ಕುಳ್ಳಿರಿಸಿಕೊಂಡು ತಿಳಿಯಹೇಳಿದೆನು: ಅದನ್ನು ಬರೆಯಿಸಿದವನು ಟಿಪ್ಪು, ಗೋಡೆಯೂ ಅವನದು, ಅಪ್ಪಣೆಯೂ ಅವನದು. ಮಲೆನಾಡಿನ ದೀವರ ಹೆಂಗಸರು ಮದುವೆಗೆಂದು ಹಸೆಗೋಡೆಯ ಮೇಲೆ ಚಿತ್ತಾರ ಬರೆಯುವುದೂ ಮನೆಯವರೆಲ್ಲರ ಇಷ್ಟದಿಂದಲೇ. ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ, ಎಳೆಯೆಳೆಯಾಗಿ ಬಿಡಿಸುವರು. ಮಗುವು ಎಲ್ಲವನ್ನೂ ಕೇಳಿ, “ಹಾಗಾದರೆ ನನ್ನ ಗೋಡೆ ಯಾವುದು?” ಎಂದಿತು.

ಇದಕ್ಕೆ ನಾನು ಸಿದ್ಧಳಿರಲಿಲ್ಲ. ಬರಿಯ ‘ಬೇಡ’ವನ್ನು ಕೇಳಿದ ಮಗು ನಾಳೆ ನೆರೆಮನೆಯ ಗೋಡೆಗೆ ಹೋದೀತು, ಇಲ್ಲವೆ ಚಿತ್ರ ಬರೆಯುವುದನ್ನೇ ಬಿಟ್ಟೀತು. ಎರಡನೆಯದೇ ನನಗೆ ಹೆಚ್ಚಿನ ಭಯ. ಹಿತ್ತಿಲ ಕಡೆಯ ಗೋಡೆಯಲ್ಲಿ ಅವಳ ಕೈಗೆಟಕುವಷ್ಟು ಎತ್ತರಕ್ಕೆ ಕೆಮ್ಮಣ್ಣು ಬಳಿದು, ಸೀಮೆಸುಣ್ಣ ಕೊಟ್ಟೆನು. ತುಂಬಿದಾಗ ಒದ್ದೆ ಬಟ್ಟೆಯಿಂದ ತಾನೇ ಒರಸಬೇಕೆಂದು ಕರಾರಾಯಿತು.

ನಡುಮನೆಯ ಆನೆಗೆ ಇನ್ನೊಮ್ಮೆ ಸುಣ್ಣ ಹೊಡೆಯಿಸಲೇ ಎಂದು ಮಗನು ಕೇಳಿದನು. ದೀಪಾವಳಿಯವರೆಗೆ ಇರಲಿ ಎಂದೆನು.