ಸಾಂಬಾರು ಚೆಲ್ಲಿತೇ?

ಮಳೆಗಾಲದ ಒಂದು ಸಂಜೆ, ಪಾರ್ಸೆಲು ಹೊತ್ತ ಹೋಟೆಲಿನ ಹುಡುಗ ತಿರುವಿನಲ್ಲಿ ಬೈಕಿನೊಡನೆ ಜಾರಿಬಿದ್ದನೆಂಬ ಸುದ್ದಿ ಬಂದರೆ ಗಲ್ಲಾದಿಂದ ಹೊರಡುವ ಮೊದಲ ಪ್ರಶ್ನೆ ಯಾವುದು? "ಸಾಂಬಾರು ಚೆಲ್ಲಿತೇ?" ಎರಡನೆಯದು, "ಬೈಕಿಗೇನಾಯಿತು?" ಹುಡುಗನ ಮೊಣಕಾಲಿನ ಸರದಿ ಮೂರನೆಯದು. ಕೊನೆಗೆ ತೀರ್ಪು: "ಅವನಿಗೆ ಬ್ರೇಕು ಹಿಡಿಯಲು ಬರುವುದಿಲ್ಲ."

ಬಾಂಧವರೇ, ಈ ತೀರ್ಪನ್ನು ನಾವು ಅರ್ಧ ಒಪ್ಪುತ್ತೇವೆ. ಬರುವುದಿಲ್ಲ, ನಿಜ. ಕಲಿಸಿದವರು ಯಾರು? ದೋಸೆ ಹುಯ್ಯುವುದನ್ನು ಅಡುಗೆ ಭಟ್ಟರು ಕಲಿಸಿದರು. ಪರೇಲ್, ಲಾಲ್‌ಬಾಗಿನ ಮಿಲ್ಲುಗಳಿದ್ದ ಕಾಲದಲ್ಲಿ ಮಗ್ಗ ನಡೆಸುವುದನ್ನು ಹಿರಿಯ ಕೆಲಸಗಾರರು ಕಲಿಸಿದರು. ಬೈಕಿನ ಬೀಗದ ಕೈಯನ್ನು ಮಾತ್ರ "ಬೇಗ ಹೋಗಿ ಬಾ" ಎಂದು ಎಸೆದರು.

ಆದುದರಿಂದ ಕಲಿಯತಕ್ಕದ್ದನ್ನು ಮೊದಲು ಹೇಳುತ್ತೇವೆ. ನೆಲದ ಮೇಲೆ ಟೈರಿಗಿರುವ ಹಿಡಿತ ನಮ್ಮ ತಿಂಗಳ ಸಂಬಳವಿದ್ದ ಹಾಗೆ, ಇರುವುದು ಅಷ್ಟೇ. ಬೈಕು ವಾಲಿ ತಿರುಗುವಾಗ ಅದರಲ್ಲೊಂದು ದೊಡ್ಡ ಪಾಲು ತಿರುಗುವುದಕ್ಕೇ ಖರ್ಚು, ಖೋಲಿಯ ಬಾಡಿಗೆ ಕೊಟ್ಟಂತೆ. ಉಳಿದ ಚಿಲ್ಲರೆಯಲ್ಲಿ ಬ್ರೇಕು ನಡೆಯಬೇಕು. ಆಗ ಹೆದರಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಬಿಗಿದು ಬೈಕು ನೆಲಕ್ಕೆ. ಮಳೆಯಲ್ಲಂತೂ ಸಂಬಳವೇ ಕಡಿತ.

ಹೀಗಿರುವಾಗ ವೇಗವನ್ನು ಇಳಿಸತಕ್ಕದ್ದು ತಿರುವಿಗೆ ಮೊದಲು, ಬೈಕು ನೆಟ್ಟಗಿರುವಾಗ, ಎರಡೂ ಬ್ರೇಕುಗಳಿಂದ, ಮೆಲ್ಲಗೆ ಆರಂಭಿಸಿ ಬಿಗಿ ಮಾಡುತ್ತ. ತಿರುವಿನೊಳಗೆ ಒಂದೇ ಸಮನಾದ ವೇಗ. ಅಡ್ಡ ಯಾರಾದರೂ ಬಂದರೆ, ಜಾಗವಿದ್ದರೆ ಮೊದಲು ಬೈಕನ್ನು ನೆಟ್ಟಗೆ ಮಾಡಿ, ಅನಂತರ ಬ್ರೇಕು. ಜಾಗವಿಲ್ಲದಿದ್ದರೆ ಎರಡನ್ನೂ ಹಗುರವಾಗಿ ಒತ್ತುತ್ತ ಬನ್ನಿ. ವೇಗ 20ರಿಂದ 40ಕ್ಕೆ ಏರಿದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ಇಮ್ಮಡಿಯಲ್ಲ, ನಾಲ್ಮಡಿ!

ಇನ್ನು ತೀರ್ಪಿನ ಉಳಿದರ್ಧ. ಜೆ.ಜೆ. ಫ್ಲೈಓವರಿನ ತಿರುವುಗಳಲ್ಲಿ ಬೈಕಿನವರು ಸತ್ತಾಗ 2010ರಲ್ಲಿ ದ್ವಿಚಕ್ರಗಳಿಗೆ ಅಲ್ಲಿ ಪ್ರವೇಶ ನಿಷೇಧಿಸಿದರು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಬೈಕುಗಳು ಬೇರೆ ತಿರುವುಗಳಿಗೆ ಹೋದುವೇ ಹೊರತು ಮಾಯವಾಗಲಿಲ್ಲ. ಆರೇ ಕಾಲನಿಯಲ್ಲಿ, ಘೋಡ್‌ಬಂದರ್ ರಸ್ತೆಯ ಗಾಯ್‌ಮುಖದಲ್ಲಿ ತಿರುವುಗಳಿಲ್ಲವೇ?

ಚಕ್ರ ಬಿಗಿಯದಂತೆ ತಡೆಯುವ ಎ.ಬಿ.ಎಸ್. ಎಂಬ ಸಾಧನವನ್ನು 2018ರ ಏಪ್ರಿಲ್ 1ರಿಂದ ಹೊಸ ಮಾದರಿಗಳಿಗೂ, 2019ರ ಏಪ್ರಿಲ್ 1ರಿಂದ ಹಳೆಯ ಮಾದರಿಗಳಿಗೂ ಕಡ್ಡಾಯ ಮಾಡಿದರು. ಯಾರಿಗೆ? 125 ಸಿ.ಸಿ.ಗೆ ಮೀರಿದವುಗಳಿಗೆ! ಅದರೊಳಗಿನ ಬಡವರ ಗಾಡಿಗೆ ಸಿ.ಬಿ.ಎಸ್. ಸಾಕೆಂದರು. ಅದು ಬ್ರೇಕನ್ನು ಎರಡು ಚಕ್ರಗಳಿಗೆ ಹಂಚುತ್ತದೆ, ಬಿಗಿಯುವುದನ್ನು ತಡೆಯುವುದಿಲ್ಲ. ದೊಡ್ಡ ಬೈಕಿನವನ ಮೂಳೆಗೊಂದು ಬೆಲೆ, ಇಡ್ಲಿ ಹೊರುವವನ ಮೂಳೆಗೊಂದು ಬೆಲೆಯೇ? ಎ.ಬಿ.ಎಸ್. ಇದ್ದರೂ ಅತಿಯಾಗಿ ವಾಲಿದ ಗಾಡಿಯನ್ನು ಅದು ಪೂರ್ತಿ ಕಾಯಲಾರದು, ನಾವು ಬಲ್ಲೆವು. ಆದರೆ ನೆಟ್ಟಗಿರುವಾಗ ಅದು ಕಾಯುತ್ತದೆ. ನಾವು ಬ್ರೇಕು ಹಿಡಿಯಬೇಕಾದದ್ದೂ ಆಗಲೇ.

ಮಾಲಿಕರೇ, ಸವೆದ ಟೈರು, ತೆಳ್ಳಗಾದ ಬ್ರೇಕು ನಿಮ್ಮದು. ಗಡಿಯಾರವೂ ನಿಮ್ಮದು. "ಹತ್ತು ನಿಮಿಷದೊಳಗೆ" ಎಂದು ಗಿರಾಕಿಗೆ ಮಾತು ಕೊಟ್ಟವರು ನೀವು. ತಿರುವಿನಲ್ಲಿ ಅದನ್ನು ತೀರಿಸುವವನು ಹುಡುಗ. ಕೆಲಸದಲ್ಲಿ ಗಾಯಗೊಂಡವನಿಗೆ ಮಾಲಿಕ ಪರಿಹಾರ ಕೊಡಬೇಕೆಂಬ ಮಾತು ಈ ದೇಶದ ಕಾಯಿದೆಗೆ 1923ರಲ್ಲೇ ಬಂದಿದೆ. ಅದು ನಿಮ್ಮ ದಾನವಲ್ಲ.

ಹಗಲು ಕಪ್ಪು ಬಸಿ ತೊಳೆದ ನಮ್ಮ ಹಿರಿಯರಿಗೆ ಈ ಊರಿನ ಕನ್ನಡ ರಾತ್ರಿ ಶಾಲೆಗಳು ಅಕ್ಷರ ಕಲಿಸಿದವು. ಅದೇ ಛಲದಿಂದ ನಮ್ಮ ಸಂಘಗಳು ಖಾಲಿ ಮೈದಾನದಲ್ಲಿ ಬ್ರೇಕಿನ ಪಾಠ ನಡೆಸಲಿ. ಕಲಿಯುವ ಹೊತ್ತಿಗೆ ಮಾಲಿಕರು ಸಂಬಳ ಸಹಿತ ರಜೆ ಕೊಡಲಿ. ತಿಂಗಳಿಗೊಮ್ಮೆ ಗಾಡಿಯ ಪರೀಕ್ಷೆಯಾಗಲಿ. ಬ್ರೇಕು ಸರಿಯಿಲ್ಲದ ಗಾಡಿಯನ್ನು ಹತ್ತುವುದಿಲ್ಲವೆಂದು ಒಬ್ಬ ಹೇಳಿದರೆ ಕೆಲಸ ಹೋದೀತು. ಎಲ್ಲರೂ ಹೇಳಿದರೆ ಬ್ರೇಕು ಬಂದೀತು.

ಸಾಂಬಾರು ಮತ್ತೆ ಕುದಿಸಬಹುದು. ಊರಿನಲ್ಲಿ ಮನಿಯಾರ್ಡರಿನ ದಾರಿ ಕಾದಿದ್ದ ತಾಯಂದಿರ ಕಾಲ ಹೋಗಿರಬಹುದು. ಮಗನ ದಾರಿ ಕಾಯುವ ತಾಯಿ ಇಂದಿಗೂ ಇದ್ದಾಳೆ.