ಬಂದ ಮಾತು ಹೋದರೆ ಕಾಯಬೇಡಿ

"ಇವನ ಅಪ್ಪನೂ ತಡವಾಗೇ ಮಾತಾಡಿದ್ದು, ಸರಿ ಹೋಗ್ತದೆ ಬಿಡವ್ವ." ಮಗುವಿಗೆ ಮಾತು ಬಾರದಿದ್ದರೆ ಮನೆಯ ಹಿರಿಯರು ಹೀಗೆ ಧೈರ್ಯ ಹೇಳುತ್ತಾರೆ. ಎಷ್ಟೋ ಸಲ ಅದು ನಿಜವೂ ಆಗುತ್ತದೆ. ಆದರೆ ಬಂದ ಮಾತೇ ಹೋಗತೊಡಗಿದರೆ ಆ ಧೈರ್ಯ ನಂಬಿ ಕೂರಬಾರದು.

ಸ್ಯಾನ್‌ಫಿಲಿಪ್ಪೊ ಎಂಬ ಅಪರೂಪದ ಕಾಯಿಲೆ ಇದೆ. 1963ರಲ್ಲಿ ಇದನ್ನು ವಿವರಿಸಿದ ಅಮೆರಿಕದ ಮಕ್ಕಳ ವೈದ್ಯರ ಹೆಸರು ಅದು. ನಮ್ಮ ಜೀವಕೋಶಗಳೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ಕೋಶದ ಕಸವನ್ನು ಕಿಣ್ವಗಳಿಂದ ಕರಗಿಸುವುದು ಅವುಗಳ ಕೆಲಸ. ಈ ಮಕ್ಕಳಲ್ಲಿ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆಯ ಸರಪಳಿಯನ್ನು ಕತ್ತರಿಸುವ ಒಂದು ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಕರಗದ ತಿಪ್ಪೆಯಂತೆ ಕಸ ಬೆಳೆಯುತ್ತದೆ. ಮಿದುಳಿನ ನರಕೋಶಗಳು ಊದಿಕೊಂಡು ಸಾಯುತ್ತವೆ. ಸತ್ತದ್ದರ ಜಾಗಕ್ಕೆ ಹೊಸದು ಬರುವುದಿಲ್ಲ.

ಹುಟ್ಟಿದಾಗ ಮಗು ಚೆನ್ನಾಗಿಯೇ ಇರುತ್ತದೆ. ಸಾಮಾನ್ಯವಾಗಿ ಎರಡು ವರ್ಷ ದಾಟಿದ ಮೇಲೆ ಕಲಿಕೆ ನಿಧಾನವಾಗುತ್ತದೆ. ಆಮೇಲೆ ಹಟ, ವಿಪರೀತ ಓಡಾಟ, ರಾತ್ರಿಯಿಡೀ ನಿದ್ದೆ ಇಲ್ಲ. ಪದೇ ಪದೇ ಕಿವಿ ಸೋರುವುದು, ಭೇದಿ, ದಪ್ಪ ಹುಬ್ಬು ಕೂಡ ಕಾಣಬಹುದು. ಊರಿನವರು ತುಂಟ ಎನ್ನುತ್ತಾರೆ, ಕೆಲವರು ತಾಯತ ಕಟ್ಟಿಸುತ್ತಾರೆ. ಆಟಿಸಂ ಎಂದುಕೊಳ್ಳುವ ವೈದ್ಯರೂ ಇದ್ದಾರೆ. ಮಾತು ಹೋಗಿ, ಮುಂದೆ ನಡಿಗೆ, ಕೊನೆಗೆ ನುಂಗುವುದೂ ಕಷ್ಟವಾಗುತ್ತದೆ.

ರಕ್ತಕ್ಕೆ ಕೊಡುವ ಕಿಣ್ವ ಮಿದುಳಿನ ತಡೆಗೋಡೆ ದಾಟುವುದಿಲ್ಲ. ಹಾಗಾದರೆ ಪರೀಕ್ಷೆ ಏಕೆ? ಮುಂದಿನ ಮಗುವಿಗಾಗಿ ಎನ್ನುತ್ತೇನೆ ನಾನು. ದೋಷವಿರುವ ಜೀನ್ ತಾಯಿ, ತಂದೆ ಇಬ್ಬರಿಂದಲೂ ಬಂದಿರುತ್ತದೆ. ಸೊಸೆಯನ್ನೊಬ್ಬಳನ್ನೇ ದೂರುವುದು ಅನ್ಯಾಯ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದು ಮಗುವಿಗೆ ಬಂತು, ಇನ್ನು ಮೂವರಿಗೆ ಬರಲ್ಲ ಎಂಬ ಲೆಕ್ಕ ತಪ್ಪು. ಸೋದರಮಾವ, ಅತ್ತೆಮಗನ ಜೊತೆಗಿನ ಮದುವೆಯಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು. ದೋಷ ಯಾವುದೆಂದು ಗೊತ್ತಾದರೆ ಬಸಿರಿನ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಿಸಬಹುದು.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಇಂಥ ಕಾಯಿಲೆಗಳ ಕೇಂದ್ರವಿದೆ. ಅಷ್ಟು ದೂರ ಹೋಗುವ ಮೊದಲು, ಮಕ್ಕಳ ಆರೋಗ್ಯ ತಪಾಸಣೆಗೆ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಿ. ಬರೀ "ಮಾತು ಬರಲ್ಲ" ಅನ್ನಬೇಡಿ. "ಮೊದಲು ಅವ್ವ, ಅಪ್ಪ ಅಂತಿದ್ದ, ಈಗ ಅನ್ನಲ್ಲ" ಎಂದೇ ಹೇಳಿ, ಯಾವ ತಿಂಗಳಿಂದ ಎಂಬುದನ್ನೂ ಬರೆಸಿ.